ಪಂಚಾಯತಿ ಲೆಕ್ಕ ನಮ್ಮ ಮುಂದೆ ಓದಲಿ

(ದುಮ್ಮವಾಡದಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಮನೆಗೆಲಸ, ದನಕರು, ಹೊಲದ ಕೆಲಸ ಎಲ್ಲ ಮುಗಿಸಿ ಬಂದಿದ್ದೀರಿ. ಕೆಲವರು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದೀರಿ. ನಿಮ್ಮ ಹೊತ್ತು ದಂಡ ಆಗಬಾರದು. ಅದಕ್ಕೆ ಇವತ್ತು ಒಂದೇ ವಿಷಯ ಮಾತಾಡೋಣ. ನಮ್ಮ ಗ್ರಾಮ ಪಂಚಾಯತಿಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಅದರ ಲೆಕ್ಕವನ್ನು ನಾವು ಹೆಣ್ಣುಮಕ್ಕಳು ಎಲ್ಲಿ, ಹೇಗೆ ಕೇಳಬೇಕು?

ಲೆಕ್ಕ ನಮಗೆ ಹೊಸದಲ್ಲ

ಮೊದಲು ನಿಮ್ಮ ಸಂಘದ ಸಭೆಯನ್ನೇ ನೆನಪು ಮಾಡಿಕೊಳ್ಳಿ. ವಾರಕ್ಕೊಮ್ಮೆ ಚಾಪೆ ಹಾಸಿ ಗುಂಡಗೆ ಕೂಡುತ್ತೀರಿ. ಉಳಿತಾಯ ಎಷ್ಟು ಬಂತು, ಯಾರು ಸಾಲ ಕಟ್ಟಿದರು, ಬಡ್ಡಿ ಎಷ್ಟಾಯಿತು, ಬ್ಯಾಂಕಿಗೆ ಎಷ್ಟು ಹಾಕಿದೆವು ಎಂದು ಪುಸ್ತಕ ಬರೆಯುವವಳು ಗಟ್ಟಿಯಾಗಿ ಓದುತ್ತಾಳೆ. ಓದು ಬಾರದ ಅಜ್ಜಿಯೂ ಕಿವಿಗೊಟ್ಟು ಕೇಳುತ್ತಾಳೆ. "ಹೋದ ವಾರ ನಂದು ಐವತ್ತು ಇತ್ತಲ್ಲಾ, ಅದು ಎಲ್ಲಿ ಬಂತು?" ಎಂದು ನಡುವೆ ಕೇಳುತ್ತಾಳೆ. ಪುಸ್ತಕ ಬರೆಯುವವಳು ಸಿಟ್ಟು ಮಾಡುವುದಿಲ್ಲ. ಪುಟ ತಿರುವಿ ತೋರಿಸುತ್ತಾಳೆ. ಕಡೆಗೆ ಎಲ್ಲರೂ ಸಹಿ ಮಾಡುತ್ತೀರಿ, ಹೆಬ್ಬಟ್ಟು ಒತ್ತುತ್ತೀರಿ.

ಆ ಅಜ್ಜಿ ಕಳ್ಳತನದ ಅಪವಾದ ಹೊರಿಸಿದಳೇ? ಇಲ್ಲ. ತನ್ನ ಲೆಕ್ಕ ಕೇಳಿದಳು, ಅಷ್ಟೇ. ಹಾಗೆ ಕೇಳುವುದರಿಂದಲೇ ನಿಮ್ಮ ಸಂಘ ಒಡೆಯದೆ ಉಳಿದಿದೆ. ಪಂಚಾಯತಿಯೂ ಇಷ್ಟೇ. ಅದು ಊರಿನವರೆಲ್ಲರ ಒಂದು ದೊಡ್ಡ ಸಂಘ. ಆದರೆ ಅಲ್ಲಿ ಪುಸ್ತಕ ಓದುವಾಗ ನಾವು ಇರುವುದಿಲ್ಲ. ಇದ್ದರೂ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದುಕೊಂಡು ಕೂತು ಎದ್ದು ಬರುತ್ತೇವೆ.

ಒಂದು ಊರಿನ ಗಟಾರ

ನಾವು ಓಡಾಡುವ ಊರುಗಳಲ್ಲಿ ನಡೆದ ಸಂಗತಿ ಹೇಳುತ್ತೇವೆ. ಊರಿನ ಹೆಸರು ಬೇಡ, ದುಮ್ಮವಾಡ ಅಲ್ಲ. ಆ ಊರಿನ ಒಂದು ಓಣಿಯಲ್ಲಿ ಮಳೆಗಾಲ ಬಂದರೆ ಗಟಾರದ ನೀರು ಮನೆ ಹೊಸ್ತಿಲಿಗೆ ಬರುತ್ತಿತ್ತು. ಮಕ್ಕಳಿಗೆ ಜ್ವರ, ವಾಂತಿಭೇದಿ. ಸಂಘದ ಸಭೆಯಲ್ಲಿ ಪ್ರತಿ ವಾರವೂ ಅದೇ ಮಾತು. ನಾವು ಕೇಳಿದೆವು, "ಈ ಗಟಾರ ಕಟ್ಟಿದವರು ಯಾರು? ಎಷ್ಟು ರೊಕ್ಕ ಖರ್ಚಾಗಿದೆ?" ಒಬ್ಬರಿಗೂ ಗೊತ್ತಿರಲಿಲ್ಲ.

"ಪಂಚಾಯ್ತ್ಯಾಗ ಕೇಳ್ರೆವ್ವಾ" ಎಂದೆವು.

"ಅಯ್ಯ ಸಿಸ್ಟರ್, ಅದು ಗಂಡಸ್ರ ಮಾತ್ರಿ. ನಾವು ಕೇಳಿದ್ರ ಜಗಳಗಂಟಿ ಅಂತಾರ. ಮನಿಯಾಗ ಬೈತಾರ. ನಾಳೆ ಅವರ ಮುಖಾನ ನೋಡಬೇಕಲ್ರಿ" ಎಂದರು.

ಆ ಮಾತನ್ನು ನಾವು ಹಗುರ ಮಾಡುವುದಿಲ್ಲ. ಊರಲ್ಲಿ ಬಾಳುವವರು ನೀವು. ಪಂಚಾಯತಿ ಸದಸ್ಯ ನಿಮ್ಮ ಬೀಗರಾಗಿರಬಹುದು, ಕಾಮಗಾರಿ ಹಿಡಿದವನು ನಿಮಗೆ ಕೂಲಿ ಕೊಡುವವನೇ ಆಗಿರಬಹುದು. ಆದ್ದರಿಂದ ಧೈರ್ಯ ಮಾಡಿ ಎಂದು ಹೇಳಿ ನಾವು ಬಸ್ಸು ಹತ್ತಿ ಹೋದರೆ ಅದು ಸರಿಯಲ್ಲ. ಧೈರ್ಯಕ್ಕಿಂತ ಮೊದಲು ತಿಳುವಳಿಕೆ ಬೇಕು, ಜೊತೆಗೆ ಹತ್ತು ಮಂದಿ ಬೇಕು. ಆ ಊರಿನ ಕತೆಯನ್ನು ಮುಂದೆ ಹೇಳುತ್ತೇವೆ. ಮೊದಲು ತಿಳುವಳಿಕೆಯ ಮಾತು.

ಪಂಚಾಯತಿ ದುಡ್ಡು ಯಾರದು?

"ಸರ್ಕಾರದ ರೊಕ್ಕ" ಎನ್ನುತ್ತೀರಿ. ಸರ್ಕಾರಕ್ಕೆ ಎಲ್ಲಿಂದ ಬಂತು? ನೀವು ಕಲಘಟಗಿ ಸಂತೆಯಲ್ಲಿ ಸೋಪು, ಚಪ್ಪಲಿ ಕೊಳ್ಳುವಾಗ ಅದರ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ. ಕಡುಬಡವಳೂ ತೆರಿಗೆ ಕಟ್ಟುತ್ತಾಳೆ. ಆ ದುಡ್ಡೇ ಸುತ್ತಾಡಿ ಪಂಚಾಯತಿಗೆ ಬರುತ್ತದೆ. ಬರುವ ದಾರಿಗಳು ಮುಖ್ಯವಾಗಿ ನಾಲ್ಕು.

ಒಂದು, ಪಂಚಾಯತಿಯ ಸ್ವಂತ ವಸೂಲಿ. ಮನೆಪಟ್ಟಿ, ನೀರಿನ ಕರ, ಅಂಗಡಿ ಲೈಸೆನ್ಸು, ಮಳಿಗೆ ಬಾಡಿಗೆ ಇವೆಲ್ಲ ಇದರಲ್ಲಿ ಬರುತ್ತವೆ.

ಎರಡು, ರಾಜ್ಯ ಸರ್ಕಾರ ಕೊಡುವ ಅನುದಾನ. ಇದರಲ್ಲಿ ದೊಡ್ಡ ಪಾಲು ಬೀದಿದೀಪ ಮತ್ತು ನೀರಿನ ಪಂಪಿನ ಕರೆಂಟು ಬಿಲ್ಲಿಗೆ, ಸಿಬ್ಬಂದಿ ಸಂಬಳಕ್ಕೆ ಹೋಗುತ್ತದೆ.

ಮೂರು, ಕೇಂದ್ರದ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಕ್ಕೆ ಒಂದು ನಿಯಮ ಮಾಡಿತ್ತು. ಪಂಚಾಯತಿಗಳಿಗೆ ಬಂದ ಪ್ರತಿ 100 ರೂಪಾಯಿಯಲ್ಲಿ 60 ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಇಡಬೇಕಾಗಿತ್ತು. ಕೊಡ ಹೊರುವವರು ನಾವು, ಗಟಾರದ ನೀರು ತುಳಿಯುವವರು ನಾವು. ಆ 60 ರೂಪಾಯಿ ನಮ್ಮೂರಲ್ಲಿ ಎಲ್ಲಿ ಹೋಯಿತು ಎಂದು ಕೇಳಬೇಕಾದವರು ಮತ್ತಾರು?

ನಾಲ್ಕು, ಯೋಜನೆಗಳ ದುಡ್ಡು. ಮನೆ, ಶೌಚಾಲಯ, ಉದ್ಯೋಗ ಖಾತರಿ ಇಂಥವು. ಇದಲ್ಲದೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ವಿಕಲಚೇತನರಿಗೆ ಎಂದು ಪಂಚಾಯತಿ ತೆಗೆದಿಡಬೇಕಾದ ಪಾಲು ಇರುತ್ತದೆ. ಆ ಪಾಲು ಅವರಿಗೇ ಮುಟ್ಟಿತೇ ಎಂದು ನೋಡುವುದೂ ನಮ್ಮ ಕೆಲಸ.

ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋದವರು ಅಲ್ಲಿನ ಕಲ್ಲಿನ ಶಾಸನಗಳನ್ನು ನೋಡಿರಬಹುದು. ನಮ್ಮ ನಾಡಿನ ಹಳೆಯ ದಾನಶಾಸನಗಳಲ್ಲಿ ಯಾರು ಕೊಟ್ಟರು, ಎಷ್ಟು ಭೂಮಿ, ಯಾವ ಕೆಲಸಕ್ಕೆ, ಸಾಕ್ಷಿ ಯಾರು ಎಂದು ಕೆತ್ತಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸುತ್ತಿದ್ದರು. ಹತ್ತು ಮಂದಿಯ ಕೆಲಸಕ್ಕೆ ಕೊಟ್ಟದ್ದು ಹತ್ತು ಮಂದಿಗೆ ಗೊತ್ತಿರಬೇಕು ಎನ್ನುವುದು ಇಂಗ್ಲಿಷರು ಕಲಿಸಿದ ಪಾಠ ಅಲ್ಲ, ನಮ್ಮದೇ ರೂಢಿ. ಇವತ್ತು ಕಾಮಗಾರಿಯ ಜಾಗದಲ್ಲಿ ಹಾಕುವ ನಾಮಫಲಕ ಅದೇ ಕೆಲಸ ಮಾಡಬೇಕು. ಕೆಲಸದ ಹೆಸರು, ಮೊತ್ತ, ಯಾವ ಯೋಜನೆ, ಯಾವಾಗ ಮುಗಿಯಿತು ಎಲ್ಲ ಅದರಲ್ಲಿ ಇರಬೇಕು.

ಮೊದಲು ಕೇಳಿದವರು ಯಾರು?

ಓದು ಬರದವರು ಲೆಕ್ಕ ಹೇಗೆ ಕೇಳುವುದು ಎಂದು ನೀವು ಅನ್ನಬಹುದು. ರಾಜಸ್ತಾನದ ಮಾತು ಕೇಳಿ. ಅಲ್ಲಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಕೂಲಿಕಾರರ, ರೈತರ ಸಂಘ ಹುಟ್ಟಿತು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಹಳ್ಳಿಯ ಕೂಲಿಕಾರರು ಸೇರಿ ಕಟ್ಟಿದ್ದು. ಬರಗಾಲದ ಕಾಮಗಾರಿಯಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, "ನೀವು ಅಷ್ಟು ಕೆಲಸ ಮಾಡಿಲ್ಲ, ಪುಸ್ತಕದಲ್ಲಿ ಹಾಗೇ ಇದೆ" ಎನ್ನುತ್ತಿದ್ದರು. "ಹಾಗಾದರೆ ಪುಸ್ತಕ ತೋರಿಸಿ" ಎಂದರೆ, "ಅದು ಸರ್ಕಾರದ ಗುಟ್ಟು" ಎನ್ನುತ್ತಿದ್ದರು.

1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್‌ಕಿರಾನಾ ಎಂಬ ಹಳ್ಳಿಯಲ್ಲಿ ಅವರು ಮೊದಲ ಜನಸುನ್ವಾಯಿ ಮಾಡಿದರು. ಜನಸುನ್ವಾಯಿ ಎಂದರೆ ಜನರ ಮುಂದಿನ ವಿಚಾರಣೆ. ಹೇಗೋ ಸಿಕ್ಕಿದ ಬಿಲ್ಲುಗಳನ್ನು, ಹಾಜರಿ ಪಟ್ಟಿಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಅಷ್ಟೇ ಮಾಡಿದ್ದು. ಆದರೆ ಓದಿದ ಕೂಡಲೇ ಕೂತವರು ಒಬ್ಬೊಬ್ಬರಾಗಿ ಎದ್ದರು. ನನ್ನ ಹೆಸರು ಇದೆ, ಆದರೆ ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದರು. ಮುಂದೆ ನಡೆದ ಇಂಥ ಸಭೆಗಳಲ್ಲಿ ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು, ಕಟ್ಟದ ಕಟ್ಟಡಕ್ಕೆ ಬಿಲ್ಲು ಮಾಡಿದ್ದು ಹೊರಗೆ ಬಂತು. ಅದನ್ನು ಹಿಡಿದವರು ದೊಡ್ಡ ಆಡಿಟರುಗಳಲ್ಲ. ಸಹಿ ಹಾಕಲು ಬಾರದ ಹೆಣ್ಣುಮಕ್ಕಳು, ಗಂಡುಮಕ್ಕಳು. ಕಾಗದ ಓದಲು ಬಾರದಿದ್ದರೂ ಊರಿನ ಸತ್ಯ ಅವರಿಗೆ ಗೊತ್ತಿತ್ತು.

1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. "ನಮ್ಮ ದುಡ್ಡು, ನಮ್ಮ ಲೆಕ್ಕ" ಎನ್ನುವುದೇ ಅವರ ಘೋಷಣೆ. ಆ ಚಳವಳಿಯ ಒಬ್ಬ ಹೆಣ್ಣುಮಗಳು ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಮಗನ ಕೈಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದರೆ ಬಂದ ಮೇಲೆ ಲೆಕ್ಕ ಕೇಳುತ್ತೇನೆ, ನನ್ನ ಹೆಸರಿನಲ್ಲಿ ಸರ್ಕಾರ ಖರ್ಚು ಮಾಡುವ ಕೋಟಿ ಕೋಟಿಗೆ ಲೆಕ್ಕ ಕೇಳಬಾರದೇ? ಈ ಚಳವಳಿ ಬೆಳೆಯುತ್ತ ಬೆಳೆಯುತ್ತ 2005ರಲ್ಲಿ ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯ್ದೆ ಬಂತು. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿರಲಿಲ್ಲ. 2000ದಲ್ಲೇ ರಾಜ್ಯದ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು.

ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಸಿಕ್ಕ ಜಾಗ

"ನೀರಸಾಬ್" ಎಂದು ಜನ ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರಬಹುದು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿದ ಮಂತ್ರಿಗಳು. ಅವರ ಕಾಲದಲ್ಲಿ ಬಂದ ಕಾಯ್ದೆಯ ಪ್ರಕಾರ 1987ರ ಚುನಾವಣೆಯಲ್ಲಿ ಮಂಡಲ ಪಂಚಾಯತಿಗಳಲ್ಲಿ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಸಿಕ್ಕಿತು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅದು ಮೂರರಲ್ಲಿ ಒಂದು ಪಾಲು ಆಯಿತು. 2010ರಲ್ಲಿ ಅರ್ಧಕ್ಕರ್ಧ ಆಯಿತು. ಅಂದರೆ ಲೆಕ್ಕ ಕೇಳುವವರೂ ನಾವೇ, ಲೆಕ್ಕ ಕೊಡಬೇಕಾದವರಲ್ಲಿ ಅರ್ಧ ಮಂದಿಯೂ ನಾವೇ. ಈ ಮಾತನ್ನು ನೆನಪಿಡಿ, ಮತ್ತೆ ಇದಕ್ಕೆ ಬರುತ್ತೇವೆ.

ಲೆಕ್ಕ ಕೇಳುವ ನಾಲ್ಕು ಕಡೆ

1. ವಾರ್ಡ್ ಸಭೆ. ನಿಮ್ಮ ಓಣಿಗೆ ಏನು ಬೇಕು, ಯಾವುದು ಮೊದಲು ಎಂದು ಹೇಳುವ ಜಾಗ ಇದು. ಇಲ್ಲಿ ಬರೆಸದ ಕೆಲಸ ಮುಂದೆ ಕ್ರಿಯಾ ಯೋಜನೆಯಲ್ಲಿ ಬರುವುದು ಕಷ್ಟ.

2. ಗ್ರಾಮ ಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಇದರ ಸದಸ್ಯರು. ಸೇರಿದವರಲ್ಲಿ ನೂರಕ್ಕೆ 30 ಮಂದಿಯಾದರೂ ಹೆಣ್ಣುಮಕ್ಕಳು ಇರಬೇಕು ಎಂದು ಕಾಯ್ದೆ ಹೇಳುತ್ತದೆ. ನಾವು ಮನೆಯಲ್ಲಿ ಕೂತರೆ ಆ ಲೆಕ್ಕ ತುಂಬುವುದು ಹೇಗೆ? ಸಭೆ ಮುಗಿದ ಮೇಲೆ ಮನೆ ಮನೆಗೆ ಪುಸ್ತಕ ಬಂದರೆ ದಯವಿಟ್ಟು ಸಹಿ ಮಾಡಬೇಡಿ. ಕೂತು ಕೇಳಿದ ಸಭೆಗೆ ಮಾತ್ರ ಸಹಿ.

3. ಜಮಾಬಂದಿ. ಹೋದ ವರ್ಷ ಬಂದ ದುಡ್ಡು, ಖರ್ಚಾದ ದುಡ್ಡು ಇವೆರಡನ್ನೂ ಮೇಲಿನ ಅಧಿಕಾರಿಯ ಎದುರಿಗೆ, ಜನರ ಮುಂದೆ ಪರಿಶೀಲಿಸುವ ಸಭೆ ಇದು. ಸಾಮಾನ್ಯವಾಗಿ ಆಗಸ್ಟ್ ಅರ್ಧದಿಂದ ಸೆಪ್ಟೆಂಬರ್ ಅರ್ಧದೊಳಗೆ ನಡೆಯುತ್ತದೆ. ಇಲ್ಲಿ ಕಾಗದ ಅಷ್ಟೇ ಅಲ್ಲ, ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡಬೇಕು. ಗ್ರಾಮ ಸಭೆ ಗೊತ್ತಿದ್ದವರಿಗೂ ಜಮಾಬಂದಿ ಗೊತ್ತಿರುವುದಿಲ್ಲ. ಆದ್ದರಿಂದ ದಿನ ಯಾವುದು ಎಂದು ಜುಲೈ ತಿಂಗಳಲ್ಲೇ ವಿಚಾರಿಸಿಡಿ.

4. ಸಾಮಾಜಿಕ ಪರಿಶೋಧನೆ. 2005ರ ಉದ್ಯೋಗ ಖಾತರಿ ಕಾಯ್ದೆ ನಮ್ಮ ಧಾರವಾಡ ಜಿಲ್ಲೆಗೆ 2008ರಲ್ಲಿ ಬಂತು. ಆ ಕಾಯ್ದೆಯಲ್ಲೇ ಗ್ರಾಮ ಸಭೆ ಎಲ್ಲ ಕಾಮಗಾರಿಗಳ ಲೆಕ್ಕ ನೋಡಬೇಕು ಎಂದು ಬರೆದಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲೂ ಸಾಮಾಜಿಕ ಪರಿಶೋಧನೆ ಇದೆ. ಯೋಜನೆಯ ಹೆಸರು ಬದಲಾಗಬಹುದು, ದಿನಗಳ ಲೆಕ್ಕ ಬದಲಾಗಬಹುದು. ದುಡಿದವಳು ತನ್ನ ಹಾಜರಿ, ತನ್ನ ಕೂಲಿ ಎಷ್ಟು ಬರೆದಿದ್ದಾರೆ ಎಂದು ಕೇಳುವುದನ್ನು ಬಿಡಬಾರದು.

ಯಾವ ಕಾಗದ ಕೇಳಬೇಕು?

"ಲೆಕ್ಕ ಕೊಡಿ" ಎಂದು ಬರೀ ಬಾಯಿಮಾತಲ್ಲಿ ಕೇಳಿದರೆ "ಎಲ್ಲಾ ಸರಿ ಐತೆವ್ವ, ಹೋಗಿ ಬಾ" ಎನ್ನುವ ಉತ್ತರ ಸಿಗುತ್ತದೆ. ಕಾಗದದ ಹೆಸರು ಹೇಳಿ ಕೇಳಬೇಕು. ಐದು ಹೆಸರು ನೆನಪಿಟ್ಟುಕೊಳ್ಳಿ.

ಕ್ರಿಯಾ ಯೋಜನೆ: ಈ ವರ್ಷ ಯಾವ ಯಾವ ಕೆಲಸ, ಎಷ್ಟು ಮೊತ್ತ ಎಂಬ ಪಟ್ಟಿ.

ಅಂದಾಜು ಪತ್ರಿಕೆ, ಅಂದರೆ ಎಸ್ಟಿಮೇಟು: ಕೆಲಸದ ಉದ್ದ, ಅಗಲ, ಆಳ, ಸಿಮೆಂಟು, ಕಲ್ಲು ಎಷ್ಟು ಎಂಬುದು.

ಅಳತೆ ಪುಸ್ತಕ, ಇದನ್ನು ಎಂ.ಬಿ. ಎನ್ನುತ್ತಾರೆ: ಎಂಜಿನಿಯರು ಬಂದು ಅಳೆದು ಬರೆದದ್ದು. ಇದರ ಮೇಲೆಯೇ ಬಿಲ್ಲು ಆಗುತ್ತದೆ.

ಬಿಲ್ಲು ಮತ್ತು ವೋಚರು: ಯಾರಿಗೆ, ಯಾವ ದಿನ, ಎಷ್ಟು ಕೊಟ್ಟರು ಎಂಬುದು.

ಜಮಾ-ಖರ್ಚಿನ ತಖ್ತೆ: ಇಡೀ ವರ್ಷದ ಬಂದದ್ದು, ಹೋದದ್ದು.

ಇದರಲ್ಲಿ ಕೆಲವು ಈಗ ಮೊಬೈಲಿನಲ್ಲೂ ಸಿಗುತ್ತವೆ. ಕೇಂದ್ರ ಸರ್ಕಾರ 2020ರ ಏಪ್ರಿಲ್ 24ರಂದು ಇ-ಗ್ರಾಮಸ್ವರಾಜ್ ಎಂಬ ವ್ಯವಸ್ಥೆ ಶುರು ಮಾಡಿತು. ಪಂಚಾಯತಿ ಹಾಕಿಕೊಂಡ ಯೋಜನೆ, ಮಾಡಿದ ಪಾವತಿ ಅದರಲ್ಲಿ ಕಾಣುತ್ತವೆ. ಕಾಲೇಜಿಗೆ ಹೋಗುವ ಮಗಳಿಗೆ ಹೇಳಿ, ತೆಗೆದು ಓದುತ್ತಾಳೆ. ಆದರೆ ಒಂದು ಮಾತು. ಮೊಬೈಲಿನಲ್ಲಿ ಇದೆ ಎಂದರೆ ಲೆಕ್ಕ ಕೊಟ್ಟ ಹಾಗೆ ಆಗುವುದಿಲ್ಲ. ಊರಿನ ಮುಂದೆ ಓದಿ ಹೇಳಿ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಆಗ ಲೆಕ್ಕ.

ಸಭೆಯಲ್ಲಿ ಕಾಗದ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಅರ್ಜಿಗೆ 10 ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಹಚ್ಚಿದರೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲಿನ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಶಬ್ದದೊಳಗೆ ಇರಬೇಕು. ಆದ್ದರಿಂದ ಊರಿನ ಎಲ್ಲ ಸಿಟ್ಟನ್ನೂ ಒಂದೇ ಅರ್ಜಿಯಲ್ಲಿ ಸುರಿಯಬೇಡಿ. "ಯಾಕೆ ಹಾಳು ಮಾಡಿದಿರಿ" ಎಂದು ಬರೆಯಬೇಡಿ. "ಇಂಥ ವರ್ಷದ ಇಂಥ ಗಟಾರದ ಅಂದಾಜು ಪತ್ರಿಕೆಯ ನಕಲು ಕೊಡಿ" ಎಂದು ಬರೆಯಿರಿ. ಕಾಮಗಾರಿಯನ್ನು ಹೋಗಿ ನೋಡುವ, ಬಳಸಿದ ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಆ ಕಾಯ್ದೆಯಲ್ಲಿದೆ.

ಗಟಾರದ ಕತೆ ಮುಂದೆ

ಈಗ ಆ ಊರಿಗೆ ಹೋಗೋಣ. ಎರಡು ಸಂಘದ ಹೆಣ್ಣುಮಕ್ಕಳು ಸೇರಿ ಗಟಾರದ ಕಾಗದ ತರಿಸಿದರು. ಅಳತೆ ಪುಸ್ತಕದಲ್ಲಿ 140 ಮೀಟರ್ ಎಂದಿತ್ತು. ಅವರ ಹತ್ತಿರ ದೊಡ್ಡ ಟೇಪು ಇರಲಿಲ್ಲ. ಬಟ್ಟೆ ಹೊಲಿಯುವ ಸದಸ್ಯೆಯ ಟೇಪಿನಿಂದ ಒಂದು ಹಗ್ಗವನ್ನು 10 ಮೀಟರಿಗೆ ಅಳೆದು ಗಂಟು ಹಾಕಿದರು. ಆ ಹಗ್ಗ ಹಿಡಿದು ಓಣಿ ಅಳೆದರು. ಒಂಬತ್ತೂವರೆ ಹಗ್ಗ ಆಯಿತು. ಅಂದರೆ 95 ಮೀಟರ್. ಉಳಿದ 45 ಮೀಟರ್ ಎಲ್ಲಿ?

ಜಮಾಬಂದಿಯ ದಿನ ಹದಿನೆಂಟು ಮಂದಿ ಹೋಗಿ ಕೂತರು. ಒಬ್ಬಳು ಕಾಗದ ನೋಡಿ ಕೇಳಿದಳು. ಗದ್ದಲ ಆಯಿತು. "ನಿಮಗ ಯಾರು ಕಲಿಸಿ ಕಳಿಸ್ಯಾರ?" ಎಂದರು. ಅಧಿಕಾರಿ ಎಲ್ಲರನ್ನೂ ಸುಮ್ಮನಿರಿಸಿ ಜಾಗಕ್ಕೆ ಬಂದರು. ಸಾಲಿಯ ಹಿಂದಿನ ಓಣಿಯಲ್ಲಿ 25 ಮೀಟರ್ ಅದೇ ಕೆಲಸದಲ್ಲಿ ಕಟ್ಟಿದ್ದರು. ಅದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಲಿಲ್ಲ. ಆದರೆ ಇನ್ನೂ 20 ಮೀಟರ್ ಇರಲೇ ಇಲ್ಲ. ನೀರು ನಿಲ್ಲುತ್ತಿದ್ದದ್ದು ಸರಿಯಾಗಿ ಆ ಜಾಗದಲ್ಲೇ.

ಇದರಲ್ಲಿ ಎರಡು ಪಾಠ ಇವೆ. 25 ಮೀಟರಿನ ವಿಷಯದಲ್ಲಿ ನಮ್ಮ ಅನುಮಾನ ತಪ್ಪಿತ್ತು. ಮೊದಲೇ "ಕಳ್ಳರು" ಎಂದು ಕೂಗಿದ್ದರೆ ನಾವೇ ತಲೆ ತಗ್ಗಿಸಬೇಕಿತ್ತು. ಆ ದಿನ ನಮ್ಮವರು ಅಲ್ಲೇ ಎದ್ದು "ಇದು ನಮಗ ಗೊತ್ತಿರಲಿಲ್ರಿ, ಇಷ್ಟು ಸರಿ ಐತಿ" ಎಂದು ಒಪ್ಪಿಕೊಂಡರು. ಅದರಿಂದಲೇ 20 ಮೀಟರಿನ ಮಾತಿಗೆ ತೂಕ ಬಂತು. ಲೆಕ್ಕ ಕೇಳುವುದು ತಪ್ಪು ಮಾಡಿದವರನ್ನು ಹಿಡಿಯುವುದಕ್ಕಷ್ಟೇ ಅಲ್ಲ, ಸರಿಯಾಗಿ ಮಾಡಿದವರ ಮೇಲಿನ ಸುಳ್ಳು ಅಪವಾದ ತೊಳೆಯುವುದಕ್ಕೂ ಬೇಕು.

ಎಂಟು ತಿಂಗಳ ಮೇಲೆ ಆ 20 ಮೀಟರ್ ಕಟ್ಟಿದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಮುಂದಿನ ಮಳೆಯಲ್ಲಿ ನೀರು ಹೊಸ್ತಿಲಿಗೆ ಬರಲಿಲ್ಲ.

ಆದರೆ ಎಲ್ಲ ಚೆನ್ನಾಗಿ ಮುಗಿಯಿತು ಎಂದು ಹೇಳಿದರೆ ನಾವು ಸುಳ್ಳು ಹೇಳಿದ ಹಾಗೆ. ಎದ್ದು ಕೇಳಿದ ಆ ಹೆಣ್ಣುಮಗಳು ಮನೆಗಾಗಿ ಅರ್ಜಿ ಹಾಕಿದ್ದಳು. ಆ ವರ್ಷ ಅವಳಿಗೆ ಮನೆ ಬರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ಅವಳ ಗಂಡ ಮಾತ್ರ "ನಿನ್ನ ಬಾಯಿಂದನ ಹೋತು" ಎಂದ. ಅವಳು ಎರಡು ತಿಂಗಳು ಸಂಘಕ್ಕೆ ಬರಲಿಲ್ಲ. ಮುಂದೆ ನಿಲ್ಲಿಸಿದವರು ನಾವೆಲ್ಲ, ಬೈಸಿಕೊಂಡವಳು ಒಬ್ಬಳೇ. ಕಡೆಗೆ ಸಂಘದವರು ಅವಳ ಮನೆಗೇ ಹೋಗಿ ಕೂತು ಸಭೆ ಮಾಡಿದರು. ಆಗ ಬಂದಳು. ಅಂದಿನಿಂದ ನಮ್ಮ ನಿಯಮ ಒಂದೇ. ಒಬ್ಬಳನ್ನೇ ಮುಂದೆ ಮಾಡಬಾರದು. ಅರ್ಜಿ ಹಾಕುವುದಾದರೆ ಐದು ಕಾಗದಕ್ಕೆ ಐದು ಮಂದಿ. ಸಭೆಯಲ್ಲಿ ಕೇಳುವುದಾದರೆ ಒಂದೊಂದು ಪ್ರಶ್ನೆ ಒಬ್ಬೊಬ್ಬರು.

ನಮ್ಮನ್ನೂ ಕೇಳಿದರು

ಇನ್ನೊಂದು ಮಾತು ಹೇಳದೆ ಇರಲಾರೆವು. ಈ ಗಟಾರದ ಸುದ್ದಿ ಆದ ಮೇಲೆ ಅದೇ ಊರಿನ ಸಭೆಯಲ್ಲಿ ಒಬ್ಬ ಅಜ್ಜಿ ನಮ್ಮನ್ನೇ ನೋಡಿ ಕೇಳಿದಳು, "ಸಿಸ್ಟರ್, ಪಂಚಾಯ್ತಿ ಲೆಕ್ಕ ಕೇಳಾಕ ಕಲಿಸಿದ್ರಿ, ಛಲೋ ಆತು. ನಮ್ಮೂರ ಹೆಸರಿನ ಮ್ಯಾಲ ನಿಮಗ ಎಷ್ಟು ರೊಕ್ಕ ಬಂದೈತಿ? ಅದನ್ನ ಒಂದ ದಿನ ಹೇಳಲಿಲ್ಲಲ್ರಿ."

ಸಭೆ ಸುಮ್ಮನಾಯಿತು. ನಮಗೂ ಬಾಯಿ ಬರಲಿಲ್ಲ. ನಮ್ಮ ಲೆಕ್ಕ ಸರಿಯಾಗಿಯೇ ಇತ್ತು. ಪ್ರತಿ ವರ್ಷ ಆಡಿಟ್ ಆಗುತ್ತಿತ್ತು. ದುಡ್ಡು ಕೊಟ್ಟವರಿಗೆ ವರದಿ ಹೋಗುತ್ತಿತ್ತು. ಆದರೆ ಯಾರ ಹೆಸರಿನಲ್ಲಿ ಬಂದಿತ್ತೋ ಅವರಿಗೆ ಒಂದು ದಿನವೂ ಓದಿ ಹೇಳಿರಲಿಲ್ಲ. "ಇವರಿಗೆ ಇದೆಲ್ಲ ಯಾಕೆ, ನಾವು ಮೋಸ ಮಾಡುವವರಲ್ಲವಲ್ಲ" ಎಂಬ ಭಾವನೆ ನಮ್ಮಲ್ಲೂ ಇತ್ತು. ಪಂಚಾಯತಿಯವರು ಹೇಳುವುದೂ ಇದೇ ಮಾತಲ್ಲವೇ? ಆ ದಿನ ನಮಗೆ ನಾಚಿಕೆಯಾಯಿತು. ಮುಂದಿನ ತಿಂಗಳು ಆ ಊರಿಗೆ ಬಂದ ಹಣ, ತರಬೇತಿಗೆ ಆದ ಖರ್ಚು, ಊಟದ ಖರ್ಚು, ನಮ್ಮ ಜೀಪಿನ ಡೀಸೆಲ್ ಖರ್ಚು ಎಲ್ಲವನ್ನೂ ದೊಡ್ಡ ಹಾಳೆಯಲ್ಲಿ ಬರೆದು ಓದಿದೆವು. ಡೀಸೆಲ್ ಹೆಚ್ಚಾಯಿತು ಎಂದರು. ನೋಡಿದೆವು, ಹೌದು ಹೆಚ್ಚಾಗಿತ್ತು. ಆಮೇಲೆ ಎರಡು ಊರಿನ ಭೇಟಿ ಒಂದೇ ದಿನ ಇಟ್ಟುಕೊಂಡೆವು.

ಆದ್ದರಿಂದ ಪಂಚಾಯತಿಗೆ ಹೋಗುವ ಮೊದಲು ನಿಮ್ಮ ಸಂಘದ ಪುಸ್ತಕ ಎತ್ತಿ ನೋಡಿ. ಮೂರು ತಿಂಗಳಿಂದ ಬರೆಯದೆ ಬಿಟ್ಟಿದ್ದರೆ, ಅಧ್ಯಕ್ಷೆಯೇ ದೊಡ್ಡ ಸಾಲ ತೆಗೆದುಕೊಂಡು ಬೇರೆಯವರಿಗೆ ಹೇಳದಿದ್ದರೆ, ಮೊದಲು ಅದನ್ನು ಸರಿ ಮಾಡಿ. ನಮ್ಮ ಪುಸ್ತಕ ಮುಚ್ಚಿಟ್ಟು ಇನ್ನೊಬ್ಬರ ಪುಸ್ತಕ ತೆಗೆ ಎನ್ನುವ ಬಾಯಿ ನಮಗೆ ಇರುವುದಿಲ್ಲ.

ಗೆದ್ದ ಹೆಣ್ಣುಮಕ್ಕಳ ಕೈ ಹಿಡಿಯೋಣ

ಪಂಚಾಯತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳದು ಎಂದೆವು. ಆದರೆ ಎಷ್ಟೋ ಕಡೆ ಕುರ್ಚಿಯಲ್ಲಿ ಕೂಡುವವರು ಅವರ ಯಜಮಾನರು, ಮೈದುನರು. ಮೊದಲು ಚೆಕ್ಕಿನ ಮೇಲೆ ಸಹಿ ಮಾಡುತ್ತಿದ್ದರು. ಈಗ ಹಣ ಪಾವತಿಗೆ ಕಂಪ್ಯೂಟರಿನಲ್ಲಿ ಡಿಜಿಟಲ್ ಸಹಿ ಇದೆ. ಸಹಿ ಎಂದರೆ ಒಂದು ಸಣ್ಣ ಕೀಲಿಯಂಥ ವಸ್ತು ಮತ್ತು ಗುಟ್ಟಿನ ಸಂಖ್ಯೆ. ಅಧ್ಯಕ್ಷೆಯ ಕೀಲಿ ಬೇರೆಯವರ ಕಿಸೆಯಲ್ಲಿದ್ದರೆ ಅವಳಿಗೆ ಗೊತ್ತಿಲ್ಲದೆ ದುಡ್ಡು ಹೋಗಬಹುದು. ನಾಳೆ ವಿಚಾರಣೆ ಬಂದರೆ ನೋಟಿಸು ಬರುವುದು ಅವಳ ಹೆಸರಿಗೆ, ಮೈದುನನ ಹೆಸರಿಗಲ್ಲ.

ನಿಮ್ಮ ಸಂಘದಿಂದ ಯಾರಾದರೂ ಸದಸ್ಯೆಯಾಗಿದ್ದರೆ, ಅಧ್ಯಕ್ಷೆಯಾಗಿದ್ದರೆ ಅವಳನ್ನು ನೋಡಿ ನಗಬೇಡಿ. "ಅಕೀಗೇನು ಗೊತ್ತೈತಿ" ಎನ್ನಬೇಡಿ. ನಮಗೂ ಮೊದಲು ಪಾಸ್‌ಬುಕ್ ಓದಲು ಬರುತ್ತಿರಲಿಲ್ಲ, ಕೂಡಿ ಕಲಿತೆವು. ಸಾಮಾನ್ಯ ಸಭೆಗೆ ಮೊದಲು ಅವಳ ಜೊತೆ ಕೂತು ಕಾಗದ ಓದಿ. "ಓದಿ ಹೇಳಿದ ಮೇಲೆ ಸಹಿ ಮಾಡ್ತೀನ್ರಿ" ಎಂಬ ಒಂದು ಮಾತು ಅವಳಿಗೆ ಕಲಿಸಿ. ಅವಳನ್ನು ಕಾಪಾಡುವುದು ಅದೇ ಮಾತು.

ಈ ತಿಂಗಳಿಂದ ಏನು ಮಾಡೋಣ?

1. ಮುಂದಿನ ಸಂಘದ ಸಭೆಯಲ್ಲಿ ಅರ್ಧ ತಾಸು ಪಂಚಾಯತಿ ವಿಷಯಕ್ಕೆ ಇಡಿ. ನಿಮ್ಮ ಓಣಿಯ ಒಂದೇ ಒಂದು ಕೆಲಸ ಆರಿಸಿ. ನೀರಿನ ಟ್ಯಾಂಕೋ, ಗಟಾರವೋ, ಬೀದಿದೀಪವೋ ಆಗಲಿ.

2. ಆ ಕೆಲಸದ ನಾಮಫಲಕ ಇದೆಯೇ ನೋಡಿ. ಇದ್ದರೆ ಬರೆದುಕೊಳ್ಳಿ, ಇಲ್ಲದಿದ್ದರೆ ಇಲ್ಲ ಎಂದು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

3. ಅದರ ಅಂದಾಜು ಪತ್ರಿಕೆ, ಅಳತೆ ಪುಸ್ತಕದ ನಕಲನ್ನು ಪಿಡಿಒ ಅವರ ಹತ್ತಿರ ಮರ್ಯಾದೆಯಿಂದ ಕೇಳಿ. ಬರಹದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಿ.

4. ಹಗ್ಗ ಹಿಡಿದು ಅಳೆಯಿರಿ. ಸರಿ ಇದ್ದರೆ ಸರಿ ಇದೆ ಎಂದು ಸಭೆಯಲ್ಲಿ ಹೇಳಿ. ಕಡಿಮೆ ಇದ್ದರೆ ಕೇಳಿ.

5. ಗ್ರಾಮ ಸಭೆಗೆ, ಜಮಾಬಂದಿಗೆ ಒಬ್ಬೊಬ್ಬರೇ ಹೋಗಬೇಡಿ. ಸಂಘವೇ ಹೋಗಲಿ, ಮುಂದಿನ ಸಾಲಿನಲ್ಲಿ ಕೂಡಲಿ.

6. ನಿಮ್ಮ ಮನೆಪಟ್ಟಿ, ನೀರಿನ ಕರ ಬಾಕಿ ಇದ್ದರೆ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಕಟ್ಟಿದವರ ಮಾತು ಗಟ್ಟಿ.

ಬಾಯಿದ್ದಾವ ಬರಗಾಲದಾಗೂ ಬದುಕಿದ ಎಂದು ನಮ್ಮ ಕಡೆ ಹೇಳುತ್ತಾರೆ. ನಮಗೆ ಬಾಯಿ ಇದೆ. ಇಷ್ಟು ದಿನ ಅದನ್ನು ನಲ್ಲಿಯ ಹತ್ತಿರ, ಕಟ್ಟೆಯ ಮೇಲೆ ಉಪಯೋಗಿಸಿದೆವು. ಇನ್ನು ಮೇಲೆ ಸಭೆಯಲ್ಲಿ ಉಪಯೋಗಿಸೋಣ. ಮುಂದಿನ ಸಲ ನಾವು ದುಮ್ಮವಾಡಕ್ಕೆ ಬಂದಾಗ ಯಾವ ಕೆಲಸ ಆರಿಸಿದಿರಿ, ಎಷ್ಟು ಹಗ್ಗ ಆಯಿತು ಎಂದು ಕೇಳುತ್ತೇವೆ. ನೀವೂ ನಮ್ಮ ಲೆಕ್ಕ ಕೇಳಿ. ಹಾಳೆಯಲ್ಲಿ ಬರೆದು ತರುತ್ತೇವೆ.